ಬಾರನ್ ಲಾಂಡ್ರಿಯ ನೀರು

ನನಗೊಂದು ಕೆಟ್ಟ ಚಟವಿದೆ. ಯಾವ ಅಂಗಡಿಗೆ ಹೋದರೂ ಸಾಮಾನು ಕೊಳ್ಳುವ ಮೊದಲು ಆ ಅಂಗಡಿ ಎಷ್ಟು ದುಡಿಯುತ್ತಿರಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ. ಪಿಜ್ಜಾ ಅಂಗಡಿಯಾದರೆ ರಟ್ಟಿನ ಡಬ್ಬಿಗಳ ರಾಶಿ ನೋಡುತ್ತೇನೆ. ಕ್ಷೌರದಂಗಡಿಯಾದರೆ ಕುರ್ಚಿಯ ಸವೆತ ನೋಡುತ್ತೇನೆ. ನನ್ನ ಗಂಡ ನನ್ನ ಜೊತೆ ಹೋಟೆಲಿಗೆ ಬರುವುದನ್ನೇ ಬಿಟ್ಟಿದ್ದಾನೆ. "ನೀನು ಊಟ ಮಾಡಲ್ಲ ರೂನಾ, ದಾಳಿ ಮಾಡ್ತೀಯ" ಎನ್ನುತ್ತಾನೆ. ಹೌದು, ಮಾಡುತ್ತೇನೆ. ವಿನ್ನಿಪೆಗ್‌ನ ತೆರಿಗೆ ಕಚೇರಿಯಲ್ಲಿ ಆಡಿಟರ್ ಆಗಿರುವವಳಿಗೆ ಇದು ಬಿಟ್ಟರೆ ಬೇರೆ ಮೋಜು ಏನಿದೆ?

ಮದುವೆ ಮನೆಯಲ್ಲಿ ನನ್ನ ಕೆಲಸ ಏನೆಂದು ಗೊತ್ತಾದ ಕೂಡಲೇ ಜನ ಎರಡು ಕುರ್ಚಿ ಆಚೆ ಸರಿಯುತ್ತಾರೆ. ಆಮೇಲೆ ತಡೆಯಲಾರದೆ ಒಬ್ಬರು ಕೇಳಿಯೇ ಬಿಡುತ್ತಾರೆ: "ಅದ್ಹೇಗ್ರೀ ಆರಿಸ್ತೀರಿ? ಚೀಟಿ ಎತ್ತುತ್ತೀರಾ?" ಚೀಟಿಗೀಟಿ ಏನೂ ಇಲ್ಲ. ಕೆಲವರನ್ನು ಮಾಜಿ ಹೆಂಡತಿಯರೇ ಫೋನ್ ಮಾಡಿ ಹಿಡಿದುಕೊಡುತ್ತಾರೆ. ಭಾವಮೈದುನರೂ ಏನು ಕಡಿಮೆಯಿಲ್ಲ. ಇನ್ನು ಕೆಲವರ ಲೆಕ್ಕ ಅವರದೇ ಕಸುಬಿನ ಉಳಿದವರ ಲೆಕ್ಕಕ್ಕೆ ತಾಳೆಯಾಗದಿದ್ದಾಗ ಕಂಪ್ಯೂಟರ್ ಎತ್ತಿ ತೋರಿಸುತ್ತದೆ. ಒಂದೊಂದು ವರ್ಷ ಒಂದೊಂದು ಕಸುಬಿನ ಸರದಿಯೂ ಬರುತ್ತದೆ. ಆ ವರ್ಷ ಲಾಂಡ್ರಿಗಳ ಸರದಿ ಬಂದಿತ್ತು. ಯಂತ್ರಕ್ಕೆ ನಾಣ್ಯ ಹಾಕಿ, ನಿಮ್ಮ ಬಟ್ಟೆ ನೀವೇ ಒಗೆದುಕೊಂಡು ಹೋಗುವ ಅಂಗಡಿಗಳು.

ನಮ್ಮ ತಂಡದ ಮುಖ್ಯಸ್ಥ ಡಾರ್ಸಿ ಪೆನ್ನರ್ ಹೆಚ್ಚು ಮಾತನಾಡುವವನಲ್ಲ. ಆವತ್ತು ಮಾತ್ರ ಕೈ ಉಜ್ಜಿಕೊಳ್ಳುತ್ತಾ ಬಂದ.

"ನಾಣ್ಯಕ್ಕೆ ರಸೀದಿ ಇರಲ್ಲ, ಸರಿ ತಾನೆ? ಲಾಂಡ್ರಿಯವರು ಎಷ್ಟು ಬೇಕಾದ್ರೂ ಮುಚ್ಚಿಡಬಹುದು. ಆದ್ರೆ ಬಟ್ಟೆ ಒಗೆಯೋಕೆ ನೀರು ಬೇಕಲ್ಲ? ನೀರಿಗೆ ಮೀಟರ್ ಇದೆಯಲ್ಲ?"

"ಒಂದು ಸಲ ಒಗೆಯೋಕೆ ಯಂತ್ರ ಇಷ್ಟು ನೀರು ಕುಡಿಯುತ್ತೆ ಅಂತ ಕಂಪನಿಯವರೇ ಬರೆದಿರ್ತಾರೆ. ಒಟ್ಟು ನೀರನ್ನ ಅದರಿಂದ ಭಾಗಿಸಿದ್ರೆ ಆಯ್ತು" ಎಂದೆ. ಆಗಲೇ ನನ್ನ ಕೈ ತುರಿಸತೊಡಗಿತ್ತು.

"ಭಾಗಿಸಿ ಆಗಿದೆ. ಡುಬ್ರೋವಾ ಅಂತ ಒಂದು ಊರು, ಇಲ್ಲಿಂದ ಉತ್ತರಕ್ಕೆ. ಬಾರನ್ ಲಾಂಡ್ರಿ. ತೋರಿಸಿರೋ ಆದಾಯಕ್ಕೆ ಬೇಕಾದ ನೀರಿಗಿಂತ ಎಷ್ಟೋ ಜಾಸ್ತಿ ಬಳಸಿದ್ದಾರೆ. ಒಂದು ವರ್ಷ ಅಲ್ಲ, ಮೂರು ವರ್ಷ. ಅದೂ ಬರೀ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಇವರಷ್ಟು ಸಾಚಾ ಜನ ಇಡೀ ಮ್ಯಾನಿಟೋಬಾದಲ್ಲೇ ಇಲ್ಲ."

ನನ್ನ ಮೈ ಜುಮ್ಮೆಂದಿತು. ಬರೀ ಚಳಿಗಾಲದಲ್ಲಿ! ಏನಿರಬಹುದು? ಮೀನು ಹಿಡಿಯಲು ಬರುವವರು ಇಳಿದುಕೊಳ್ಳುವ ಲಾಡ್ಜುಗಳ ಹಾಸಿಗೆ ಬಟ್ಟೆ ಹಿಂಬಾಗಿಲಿನಿಂದ ಬರುತ್ತಿರಬೇಕು. ದುಡ್ಡು ಕೈಯಿಂದ ಕೈಗೆ, ಲೆಕ್ಕಕ್ಕಿಲ್ಲ. ನನಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ಮಧ್ಯಾಹ್ನವೇ ಹೊರಡುತ್ತೇನೆ ಎಂದೆ. "ಮೊದಲು ಅವರಿಗೆ ಫೋನ್ ಮಾಡಿ ದಿನ ಗೊತ್ತು ಮಾಡ್ಕೊ ತಾಯಿ, ನಾವು ಕಳ್ಳರಲ್ಲ" ಎಂದ ಡಾರ್ಸಿ.

ಜನವರಿಯ ಕೊನೆ. ಮೂಗಿನೊಳಗಿನ ಕೂದಲು ಗರಿಗರಿಯಾಗುವಂಥ ಚಳಿ. ಬಾರನ್ ಲಾಂಡ್ರಿಯ ಬಾಗಿಲು ತೆಗೆದ ಕೂಡಲೇ ನನ್ನ ಕನ್ನಡಕ ಮಂಜಾಗಿ ಏನೂ ಕಾಣಲಿಲ್ಲ. ಒಳಗೆ ಅಷ್ಟು ಸೆಕೆ. ಸೋಪಿನ ಪರಿಮಳ, ತಿರುಗುವ ಡ್ರೈಯರುಗಳ ಗುರ್ ಎನ್ನುವ ಸದ್ದು. ಕನ್ನಡಕ ಒರೆಸಿಕೊಂಡಾಗ ಎದುರಿಗೆ ಹೂವಿನ ಸ್ಕಾರ್ಫು ಕಟ್ಟಿದ, ಎಪ್ಪತ್ತು ದಾಟಿದ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅಂಗಡಿಯ ಒಡತಿ ಸ್ಟೆಫ್ಕಾ ಬಾರನ್.

"ಓ, ಸರ್ಕಾರ ಬಂತು! ಬನ್ನಿ ಮೇಡಂ. ಬೂಟು ಒರೆಸ್ಕೊಂಡು ಬನ್ನಿ. ಏ ಮೆಟ್ರೋ, ಸರ್ಕಾರಕ್ಕೆ ಕಾಫಿ ಕೊಡೋ!"

ಮೂಲೆಯಲ್ಲಿ ಯಂತ್ರವೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಮುದುಕ ಎದ್ದ. ಅವಳ ಗಂಡ, ರೈಲ್ವೆಯಿಂದ ನಿವೃತ್ತನಾದವನು. ಯಂತ್ರ ರಿಪೇರಿ ಅವನದು, ಸಂಜೆ ನಾಣ್ಯದ ಪೆಟ್ಟಿಗೆಗಳನ್ನು ಖಾಲಿ ಮಾಡಿ ತರುವುದು ಅವನದು. ಎಣಿಸುವುದು, ಲೆಕ್ಕ ಬರೆಯುವುದು ಸ್ಟೆಫ್ಕಾಳ ಕೆಲಸ. ಅಂಗಡಿ ಅವಳ ತಾಯಿ ಶುರು ಮಾಡಿದ್ದು, ಈಗ ಸ್ಟೆಫ್ಕಾಳ ಹೆಸರಿನಲ್ಲೇ ಇತ್ತು. ಇದೆಲ್ಲ ನಾನು ಕೇಳುವ ಮೊದಲೇ ಅವಳು ಹೇಳಿ ಮುಗಿಸಿದ್ದಳು. ನಾನು ಮೊದಲ ಪ್ರಶ್ನೆಯನ್ನು ಬಹಳ ಮೆತ್ತಗೆ ಕೇಳಿದೆ.

"ಮಿಸೆಸ್ ಬಾರನ್, ಚಳಿಗಾಲದಲ್ಲಿ ನಿಮ್ಮಲ್ಲಿ ಇಷ್ಟೊಂದು ನೀರು ಯಾಕೆ ಖರ್ಚಾಗುತ್ತೆ?"

ಅಷ್ಟು ಹೊತ್ತೂ ಪಟಪಟ ಉದುರುತ್ತಿದ್ದ ಮಾತು ಅಲ್ಲಿಗೆ ನಿಂತಿತು. ಅವಳು ಗಂಡನ ಮುಖ ನೋಡಿದಳು. ಅವನು ಕೈಯಲ್ಲಿದ್ದ ಸ್ಪ್ಯಾನರ್ ನೋಡಿಕೊಂಡ.

"ಹಳೇ ಪೈಪು" ಎಂದಳು.

"ಸೋರ್ತಿದ್ರೆ ಬೇಸಿಗೆಯಲ್ಲೂ ಸೋರಬೇಕಲ್ವಾ?"

"ನಮ್ಮ ಪೈಪು ಚಳಿಗಾಲದಲ್ಲೇ ಸೋರೋದು. ಅದರ ಇಷ್ಟ."

"ಮಿಸೆಸ್ ಬಾರನ್, ತಮಾಷೆ ಅಲ್ಲ. ನೀರಿಗೆ ನೀವು ಕಾರಣ ಕೊಡದೇ ಇದ್ರೆ, ಅಷ್ಟೂ ನೀರಲ್ಲಿ ಬಟ್ಟೆ ಒಗೆದು ದುಡ್ಡು ಮುಚ್ಚಿಟ್ಟಿದ್ದೀರಿ ಅಂತಲೇ ನಾನು ಬರೀಬೇಕಾಗುತ್ತೆ. ಮೂರು ವರ್ಷದ ತೆರಿಗೆ, ಬಡ್ಡಿ, ಮೇಲೆ ದಂಡ."

"ಎಷ್ಟಾಗುತ್ತೆ?"

ಹೇಳಿದೆ. ಸ್ಪ್ಯಾನರ್ ಮೆಟ್ರೋನ ಕೈಯಿಂದ ಬಿತ್ತು. ಸ್ಟೆಫ್ಕಾ ಮಾತ್ರ ಕದಲಲಿಲ್ಲ.

"ಈ ಯಂತ್ರ ಎಲ್ಲಾ ಮಾರಿದ್ರೂ ಅಷ್ಟು ಹುಟ್ಟಲ್ಲ. ಅಂಗಡಿ ಮುಚ್ಚಬೇಕು ಅಷ್ಟೇ. ಮುಚ್ಚಿಸಿ. ಬರ್ಕೊಳ್ಳಿ. ನಾನೇನೂ ಹೇಳಲ್ಲ."

ನಾನು ಎಷ್ಟೋ ಸುಳ್ಳುಗಾರರನ್ನು ನೋಡಿದ್ದೇನೆ. ಅವರು ಅಳುತ್ತಾರೆ, ಕೂಗಾಡುತ್ತಾರೆ, ನನ್ನ ಮೇಲಿನವರ ಪರಿಚಯ ಹೇಳುತ್ತಾರೆ. ಬಾಯಿಗೆ ಬೀಗ ಹಾಕಿಕೊಂಡು ಅಂಗಡಿಯನ್ನೇ ಕೊಟ್ಟು ಬಿಡುತ್ತೇನೆ ಎನ್ನುವವರನ್ನು ನೋಡಿರಲಿಲ್ಲ. ನನಗೆ ರೇಗಿತು. ರೇಗಿದಷ್ಟೂ ಹುರುಪು ಹೆಚ್ಚಿತು. ಇಷ್ಟು ಬಿಗಿಯಾಗಿ ಮುಚ್ಚಿಟ್ಟಿದ್ದಾರೆಂದರೆ ಒಳಗಿರುವುದು ದೊಡ್ಡದೇ ಇರಬೇಕು.

ಅಂಗಡಿಯ ಸುತ್ತ ಒಂದು ಸುತ್ತು ಹಾಕಿದೆ. ಹಿಂಬಾಗಿಲು ಇತ್ತು, ನಾನು ಅಂದುಕೊಂಡ ಹಾಗೇ. ಅದರ ಮುಂದೆ ಹಿಮ ತುಳಿದು ಗಟ್ಟಿಯಾಗಿತ್ತು. ಅಂದರೆ ದಿನಾ ಓಡಾಟವಿದೆ. ಅದರಾಚೆ ಐಸ್ ಅಂಗಳ, ಹಲಗೆಯ ಬೇಲಿ, ಎರಡೂ ತುದಿಗೆ ಐಸ್ ಹಾಕಿ ಆಟದ ಗೋಲು, ಕೂಗಾಡುತ್ತಾ ಜಾರುವ ಮಕ್ಕಳು. ನಾನು ಅದನ್ನು ನೋಡಿದೆ, ನೋಡಿ ಮುಂದೆ ಹೋದೆ. ನಮ್ಮ ಕಡೆ ಚಳಿಗಾಲದಲ್ಲಿ ಐಸ್ ಇರುತ್ತದೆ, ಬೇಸಿಗೆಯಲ್ಲಿ ಸೊಳ್ಳೆ ಇರುತ್ತದೆ. ಅದನ್ನು ಯಾರಾದರೂ ಯಾಕೆ ಎಂದು ಕೇಳುತ್ತಾರೆಯೇ? ನನ್ನ ಕಣ್ಣೆಲ್ಲ ಲಾಡ್ಜಿನ ಹಾಸಿಗೆ ಬಟ್ಟೆಯ ಮೇಲಿತ್ತು.

ಊರಿನ ಮೋಟೆಲಿನಲ್ಲಿ ಉಳಿದುಕೊಂಡೆ. ಮರುದಿನ ಬೆಳಗಿನ ಜಾವವೇ ಎದ್ದು, ಅಂಗಡಿಯ ಎದುರಿನ ಚರ್ಚಿನ ಪಕ್ಕ ಕಾರು ನಿಲ್ಲಿಸಿಕೊಂಡು ಕಾದೆ. ಬಾಗಿಲು ತೆರೆಯುವ ಮೊದಲು ಯಾವ ಗಾಡಿ ಬರುತ್ತದೆ ನೋಡಬೇಕಿತ್ತು. ಯಾವ ಗಾಡಿಯೂ ಬರಲಿಲ್ಲ. ಬಂದದ್ದು ಮೆಟ್ರೋ ಒಬ್ಬನೇ. ಮುಂದಿನ ಬಾಗಿಲಿಗೂ ಹೋಗದೆ ಪಕ್ಕದ ಓಣಿಯಲ್ಲಿ ಹಿಂದಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಅಂಗಡಿಯ ಹಿಂದಿನಿಂದ ಬೆಳ್ಳಗೆ ಉಗಿ ಎದ್ದಿತು. ಅಬ್ಬಾ, ಎಂಥ ಉಗಿ! ಮಾಡು ಮುಚ್ಚಿ ಹೋಗುವಷ್ಟು.

ಸಿಕ್ಕಿಬಿದ್ದಿರಿ ಎಂದುಕೊಂಡೆ. ಕಾರಿನ ಬಾಗಿಲು ಸದ್ದಾಗದಂತೆ ಮುಚ್ಚಿ, ಗೋಡೆಗೆ ಮೈ ತಾಗಿಸಿಕೊಂಡು ಓಣಿಯಲ್ಲಿ ನಡೆದೆ. ನಲವತ್ತೆಂಟು ವಯಸ್ಸಿನ, ಸರ್ಕಾರಿ ಕೆಲಸದ, ಮೊಣಕಾಲು ನೋವಿನ ಹೆಂಗಸು ಕಸದ ಡಬ್ಬಿಗಳ ಹಿಂದೆ ಕುಕ್ಕರಗಾಲಲ್ಲಿ ಕೂತಳು. ರೆಪ್ಪೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಫೋನು ಹೊರಗೆ ತೆಗೆದರೆ ಚಳಿಗೆ ಅದು ತಾನೇ ಆರಿ ಹೋಯಿತು. ಹೋಗಲಿ, ಕಣ್ಣಾರೆ ನೋಡಿದರೆ ಸಾಕು ಎಂದು ಉಗಿಯೊಳಗೆ ನುಗ್ಗಿದೆ.

ನಾಲ್ಕು ಹೆಜ್ಜೆ ಇಟ್ಟಿರಬೇಕು. ಕಾಲ ಕೆಳಗಿನ ನೆಲ ಜಾರಿತು. ಬೆನ್ನು ಕೆಳಗಾಗಿ, ಕಾಲು ಮೇಲಾಗಿ, ದೊಪ್ಪೆಂದು ಬಿದ್ದೆ. ಬಿದ್ದ ಕಡೆ ಒದ್ದೆ. ಒದ್ದೆ, ಬಿಸಿ, ಮರುಕ್ಷಣಕ್ಕೆ ತಣ್ಣಗೆ!

"ಏಯ್! ಯಾರದು ಐಸ್ ಮೇಲೆ? ಏಳಿ ಮೇಲೆ! ಈಗ ತಾನೇ ಹಾಕಿದ್ದೀನಿ, ಪೂರ್ತಿ ಕೆಡಿಸಿಬಿಟ್ರಲ್ಲ!"

ಉಗಿ ಸರಿದಾಗ ಮೆಟ್ರೋ ಕಂಡ. ಕೈಯಲ್ಲಿ ದಪ್ಪ ಪೈಪು, ಅದರ ಬಾಯಿಯಿಂದ ಬಿಸಿನೀರು. ಪೈಪಿನ ಇನ್ನೊಂದು ತುದಿ ಲಾಂಡ್ರಿಯ ಹಿಂಬಾಗಿಲೊಳಗೆ ಹೋಗಿತ್ತು. ಅವನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಪೈಪನ್ನು ನಿಧಾನವಾಗಿ ಆಚೆ ಈಚೆ ಆಡಿಸುತ್ತಾ, ಇಡೀ ಐಸ್ ಅಂಗಳಕ್ಕೆ ನೀರಿನ ಹೊಸ ಪದರ ಕೊಡುತ್ತಿದ್ದ. ನಾನು ಬಿದ್ದ ಜಾಗದಲ್ಲಿ ನನ್ನ ಬೆನ್ನಿನ ಗುರುತು, ಎರಡೂ ಕೈಯ ಗುರುತು ನೀಟಾಗಿ ಮೂಡಿದ್ದವು.

ತೆರಿಗೆ ಇಲಾಖೆಯವಳು ಎಂದು ಗೊತ್ತಾದ ಮೇಲೂ ಅವನ ಸಿಟ್ಟು ಇಳಿಯಲಿಲ್ಲ. "ಗುಂಡಿ ಬಿತ್ತು ನೋಡಿ. ಮಕ್ಕಳು ಮುಗ್ಗರಿಸಿ ಹಲ್ಲು ಮುರ್ಕೊಳ್ತಾರೆ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ನಾನು ಒದ್ದೆ ಐಸಿನ ಮೇಲೆ ಕೂತು ಹುಚ್ಚಿಯ ಹಾಗೆ ನಗುತ್ತಿದ್ದೆ. ನೀರು! ಮೂರು ವರ್ಷದ ನೀರು ನನ್ನ ಕುಂಡೆಯ ಕೆಳಗೇ ಇತ್ತು. ಊರ ಮಕ್ಕಳೆಲ್ಲ ಹಗಲಿಡೀ ಅದರ ಮೇಲೆ ಜಾರುತ್ತಿದ್ದರು. ನಮ್ಮಪ್ಪ ನನ್ನ ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಐಸ್ ಮಾಡಲು ಬಕೆಟ್ ಮೇಲೆ ಬಕೆಟ್ ನೀರು ಸುರಿದದ್ದನ್ನು ನೋಡಿ ಬೆಳೆದವಳು ನಾನು. ಆದರೂ ನನಗೆ ಹೊಳೆಯಲಿಲ್ಲ!

ಸ್ಟೆಫ್ಕಾ ಬಂದು ನನ್ನ ಕೋಟನ್ನು ಡ್ರೈಯರಿಗೆ ಹಾಕಿದಳು, ನನ್ನನ್ನು ಡ್ರೈಯರಿನ ಪಕ್ಕ ಕೂರಿಸಿದಳು. ಆಲೂಗಡ್ಡೆ ತುಂಬಿದ ಕಡುಬಿನಂಥ ಪೆರೋಗಿ ಬೇಯಿಸಿ ಬೆಣ್ಣೆ ಈರುಳ್ಳಿಯಲ್ಲಿ ಹೊರಳಿಸಿ ತಂದು ತಟ್ಟೆ ನನ್ನ ಮುಂದೆ ಕುಕ್ಕಿದಳು.

"ತಿನ್ನಿ. ತಿಂದ್ಮೇಲೆ ಹೋಗಿ ಊರಿಗೆಲ್ಲ ಡಂಗುರ ಹೊಡೀರಿ."

"ಇದನ್ನ ನಿನ್ನೆನೇ ಹೇಳಿದ್ರೆ ಮುಗೀತಿತ್ತಲ್ಲ ಮಿಸೆಸ್ ಬಾರನ್! ಇದರಲ್ಲಿ ಮುಚ್ಚಿಡೋದೇನಿದೆ?"

"ಏನಿದೆಯಾ? ಹೇಳೋ ಮೆಟ್ರೋ."

ಮೆಟ್ರೋ ಹೇಳಿದ. ಮೊದಲು ಐಸ್ ಹಾಕುತ್ತಿದ್ದದ್ದು ಪುರಸಭೆ. ಒಂದು ಚಳಿಗಾಲ ಯಾರದೋ ಮಗು ಬಿದ್ದು ಕೈ ಮುರಿದುಕೊಂಡಿತು, ವಕೀಲರ ನೋಟಿಸು ಬಂತು, ವಿಮೆಯವರು ಕೈಯೆತ್ತಿದರು. ಪುರಸಭೆ ಅಂಗಳಕ್ಕೆ ನೀರು ಹಾಕುವುದನ್ನು ನಿಲ್ಲಿಸಿ, ಯಾರೂ ಹಾಕಬಾರದು ಎಂದು ಬೋರ್ಡು ನೆಟ್ಟಿತು. ಮುಂದಿನ ಚಳಿಗಾಲ ಬೋರ್ಡು ಹಿಮದಲ್ಲಿ ಹೂತು ಹೋಯಿತು. ಬೆಳಗಾಗುವುದರೊಳಗೆ ಅಂಗಳದಲ್ಲಿ ಐಸ್ ಇತ್ತು.

"ಊರವರು ಪುರಸಭೆಯೇ ಮನಸ್ಸು ಬದಲಾಯಿಸ್ತು ಅಂದ್ಕೊಂಡ್ರು. ಪುರಸಭೆಯವರು ಬೆಂಕಿ ಆರಿಸೋರು ಹಾಕ್ತಿದ್ದಾರೆ ಅಂದ್ಕೊಂಡ್ರು. ಬೆಂಕಿ ಆರಿಸೋರು ಏನಂದ್ಕೊಂಡ್ರೋ ನಂಗೊತ್ತಿಲ್ಲ. ಯಾರೂ ಕೇಳ್ಲಿಲ್ಲ" ಎಂದ ಮೆಟ್ರೋ.

"ಕೇಳಿದ್ರೆ ಪುರಸಭೆ ನಿಲ್ಲಿಸಲೇಬೇಕಾಗುತ್ತೆ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ. ಗೊತ್ತಾದ್ಮೇಲೆ ಸುಮ್ನಿರೋ ಹಾಗಿಲ್ಲವಂತೆ. ನೀವು ಸರ್ಕಾರ, ಅವರೂ ಸರ್ಕಾರ. ನಿಮ್ಮ ಕಿವಿಗೆ ಬಿದ್ದದ್ದು ಅವರ ಕಿವಿಗೆ ಬೀಳದೇ ಇರುತ್ತಾ?" ಎಂದಳು ಸ್ಟೆಫ್ಕಾ.

ನಾನು ತಟ್ಟೆ ಕೆಳಗಿಟ್ಟೆ. ನನ್ನ ಕೆಲಸದಲ್ಲಿ ನಾನು ಹೆಮ್ಮೆಯಿಂದ ಹೇಳಬಹುದಾದ ಮಾತೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ.

"ಬೀಳಲ್ಲ. ತೆರಿಗೆ ಲೆಕ್ಕಕ್ಕಾಗಿ ನೀವು ನನಗೆ ಹೇಳಿದ್ದನ್ನ ನಾನು ಪುರಸಭೆಗೆ ಹೇಳೋ ಹಾಗಿಲ್ಲ, ಪೊಲೀಸರಿಗೆ ಸುಮ್ನೆ ಹೇಳೋ ಹಾಗಿಲ್ಲ, ನನ್ನ ಗಂಡನಿಗೂ ಹೇಳೋ ಹಾಗಿಲ್ಲ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ಜೈಲೂ ಆಗಬಹುದು. ಐಸ್ ವಿಷಯ ಈ ಕೋಣೆ ಬಿಟ್ಟು ಹೋಗಲ್ಲ."

ಇಬ್ಬರೂ ನನ್ನನ್ನೇ ನೋಡಿದರು. "ಸತ್ಯವಾಗ್ಲೂ?" ಎಂದ ಮೆಟ್ರೋ. ಸತ್ಯವಾಗಲೂ ಎಂದೆ. ಸ್ಟೆಫ್ಕಾ ನನ್ನ ತಟ್ಟೆಗೆ ಇನ್ನೂ ಮೂರು ಪೆರೋಗಿ ಬಡಿಸಿದಳು. "ಮೊದಲೇ ಬಾಯಿ ಬಿಟ್ಟು ಹೇಳಬಾರದಾ ಹುಡುಗಿ, ರಾತ್ರಿಯೆಲ್ಲಾ ನಿನಗೆ ಶಾಪ ಹಾಕ್ತಾ ಮಲಗಿದ್ದೆ" ಎಂದಳು. ಮೇಡಂ ಹೋಗಿ ಹುಡುಗಿ ಆಗಿದ್ದೆ.

"ಆದ್ರೆ ಬರೀ ಮಾತು ಸಾಕಾಗಲ್ಲ. ಐಸಿಗೆ ಎಷ್ಟು ನೀರು ಹೋಗಿದೆ ಅಂತ ನಾನು ಅಳೀಬೇಕು."

"ಐಸನ್ನ ಹೇಗೆ ಅಳೀತೀಯ?"

ಹೇಗೆ ಅಳೆಯುತ್ತೇನೆ! ಗಿಮ್ಲಿಯ ಮೀನುಗಾರರ ಮನೆಯ ಹುಡುಗಿ ನಾನು. ವಿನ್ನಿಪೆಗ್ ಸರೋವರದ ಐಸ್ ಕೊರೆದು ಮೀನು ಹಿಡಿಯದ ಭಾನುವಾರವೇ ನಮಗಿರಲಿಲ್ಲ. ಕಾರಿನ ಡಿಕ್ಕಿಯಲ್ಲಿ ಒಂದು ಕೋಣೆ ತುಂಬುವಷ್ಟು ಸಾಮಾನು ಇರುತ್ತದೆ, ಅದರಲ್ಲಿ ಐಸ್ ಬೈರಿಗೆಯೂ ಒಂದು. ಅದನ್ನು ಹೆಗಲ ಮೇಲಿಟ್ಟುಕೊಂಡು ಬಂದಾಗ ಮೆಟ್ರೋನ ಮುಖ ನೋಡಬೇಕಿತ್ತು. ನಾನು ಒಂದೊಂದು ತೂತು ಕೊರೆದಾಗಲೂ ತನ್ನ ಹೊಟ್ಟೆಗೇ ಕೊರೆಯುತ್ತಿದ್ದೇನೇನೋ ಎಂಬಂತೆ ನರಳಿದ. ನಾನು ಅಳತೆ ಪಟ್ಟಿ ಹೊರಗೆಳೆಯುವುದೇ ತಡ, ಮಂಡಿಯೂರಿ, ಹಿಮ ನೀರು ಕಲಸಿ, ತೂತು ಮುಚ್ಚಿ, ಅಂಗೈಯಿಂದ ಸವರಿ ನುಣುಪು ಮಾಡುತ್ತಿದ್ದ.

"ಈ ಮೂಲೆ ಬೇಡ, ಅಲ್ಲಿ ಗೋಲ್ ಕೀಪರ್ ನಿಲ್ತಾನೆ. ಅಯ್ಯೋ ಅಲ್ಲೂ ಬೇಡ ಮಾರಾಯ್ತಿ."

"ಬಿಸಿನೀರೇ ಯಾಕೆ ಹಾಕ್ತೀರಿ?"

"ತಣ್ಣೀರು ಹಾಕಿದ್ರೆ ಸೀಳುತ್ತೆ. ಬಿಸಿನೀರು ಹಾಕಿದ್ರೆ ಗಾಜು. ಪುರಸಭೆಯವರ ಐಸ್ ಯಾವತ್ತೂ ಇಷ್ಟು ಚೆನ್ನಾಗಿರ್ಲಿಲ್ಲ ಬಿಡಿ" ಎಂದ. ಆ ಮುಖದಲ್ಲಿ ಏನು ಕಳೆ, ಏನು ಕಳೆ! ಎಪ್ಪತ್ತೈದರ ಮುದುಕನಲ್ಲ ಅವನು ಆ ಹೊತ್ತಿನಲ್ಲಿ.

ಡಾರ್ಸಿಗೆ ಫೋನ್ ಮಾಡಿದೆ. "ಐಸ್ ಕೊರೆದೆಯಾ? ಇಲಾಖೆ ಸಮಯದಲ್ಲಿ?" ಎಂದ. ಆಮೇಲೆ, ನಮ್ಮ ಕಚೇರಿಯಲ್ಲಿ ಯಾರೂ ಕೇಳಿರದ ಸದ್ದೊಂದು ಕೇಳಿಸಿತು. ಡಾರ್ಸಿ ಪೆನ್ನರ್ ನಗುತ್ತಿದ್ದ.

ಉದ್ದ, ಅಗಲ, ದಪ್ಪ, ಚಳಿಗಾಲದಲ್ಲಿ ಎಷ್ಟು ಸಲ ಮೇಲು ಪದರ ಹಾಕಿದ್ದು, ಎಲ್ಲ ಸೇರಿಸಿ ಕೂತು ಲೆಕ್ಕ ಹಾಕಿದೆ. ಹೆಚ್ಚಾದ ನೀರು ಕರಗುತ್ತಾ ಬಂತು. ಪೂರ್ತಿ ಕರಗಿತು. ಗೆದ್ದೆ ಎಂದು ಕುಣಿಯಬೇಕು ಎನ್ನುವಷ್ಟರಲ್ಲಿ ಪೆನ್ನು ನಿಂತಿತು. ನೀರು ಕರಗಿ ಮುಗಿದ ಮೇಲೂ ಐಸ್ ಮಿಕ್ಕಿತ್ತು. ಮತ್ತೊಮ್ಮೆ ಮಾಡಿದೆ. ಅದೇ ಬಂತು. ಐಸಿಗೆ ಹೋದ ನೀರು ಕಳೆದರೆ ಉಳಿದ ನೀರಿನಲ್ಲಿ ಈ ಅಂಗಡಿ ಅಷ್ಟು ಬಟ್ಟೆ ಒಗೆದಿರಲು ಸಾಧ್ಯವೇ ಇರಲಿಲ್ಲ. ಸ್ಟೆಫ್ಕಾ ದುಡಿದದ್ದಕ್ಕಿಂತ ಹೆಚ್ಚು ಆದಾಯ ತೋರಿಸಿ, ಅದಕ್ಕೆ ತೆರಿಗೆಯನ್ನೂ ಕಟ್ಟಿದ್ದಳು.

ಇಪ್ಪತ್ತು ವರ್ಷದ ಕೆಲಸದಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ. ಮುಚ್ಚಿಡುವವರನ್ನು ಹಿಡಿಯಲು ನಮಗೆ ನೂರು ದಾರಿ ಗೊತ್ತು. ಇಲ್ಲದ್ದನ್ನು ತೋರಿಸುವವರು ಒಂದೋ ಕಳ್ಳ ದುಡ್ಡನ್ನು ಒಳ್ಳೆಯದು ಮಾಡುವವರು, ಇಲ್ಲವೇ ಬ್ಯಾಂಕಿಗೆ ಟೋಪಿ ಹಾಕಿ ಸಾಲ ಎತ್ತುವವರು. ಪೆರೋಗಿ ಬಡಿಸಿದ ಈ ಮುದುಕಿ ಅದರಲ್ಲಿ ಯಾವುದು? ಅವಳನ್ನು ಕಂಡರೆ ನನಗೆ ಇಷ್ಟವಾಗಿಬಿಟ್ಟಿತ್ತು.

"ಒಂದು ದಿನ ಪೂರ್ತಿ ಅಲ್ಲೇ ಕೂತ್ಕೊ. ಎಷ್ಟು ಯಂತ್ರ ತಿರುಗ್ತವೆ ನೀನೇ ನೋಡು. ಸಂಜೆ ಪೆಟ್ಟಿಗೆ ತೆಗೆದಾಗ ನೀನೇ ಎಣಿಸು" ಎಂದ ಡಾರ್ಸಿ. ಮತ್ತೆ ಫೋನ್ ಮಾಡಿದಾಗ ಅವನ ದನಿಯಲ್ಲಿ ನಗು ಇರಲಿಲ್ಲ.

ಕೂತೆ. ಮರುದಿನ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಬಂದವರನ್ನೆಲ್ಲ ಗುರುತು ಹಾಕಿಕೊಂಡೆ. ಗುರುತು ಹಾಕಲು ಹೆಚ್ಚೇನೂ ಇರಲಿಲ್ಲ. ಲಾರಿ ಓಡಿಸುವವನೊಬ್ಬ, ಮಗುವನ್ನು ಎತ್ತಿಕೊಂಡ ತಾಯಿ, ಹೊಸದಾಗಿ ಬಂದ ಮಾಂಸದ ಕಾರ್ಖಾನೆಯ ಕೆಲಸಗಾರರು ಕೆಲವರು. ಮಧ್ಯಾಹ್ನವೆಲ್ಲ ಯಂತ್ರಗಳು ಬಾಯಿ ತೆರೆದುಕೊಂಡು ಸುಮ್ಮನೆ ಕೂತಿದ್ದವು. ಸ್ಟೆಫ್ಕಾ ಮಾತ್ರ ಬಾಗಿಲ ಗಂಟೆ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

"ಇವತ್ತು ಸ್ವಲ್ಪ ಕಮ್ಮಿ. ನಾಳೆ ನೋಡು ನೀನು. ಕಾಲಿಡೋಕೆ ಜಾಗ ಇರಲ್ಲ" ಎಂದಳು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹೊರಗೆ ಕತ್ತಲು. ಮೆಟ್ರೋ ಕೋಟು ಹಾಕಿಕೊಂಡ. "ಗಾಡಿ ಇಂಜಿನ್ ಬೆಚ್ಚಗಿರೋಕೆ ಕರೆಂಟ್ ವೈರು ಚುಚ್ಚಿ ಬರ್ತೀನಿ, ಇಲ್ಲಾಂದ್ರೆ ಬೆಳಗ್ಗೆ ಸ್ಟಾರ್ಟ್ ಆಗಲ್ಲ" ಎಂದು ಹೋದ. ಬಂದವನು ಕೋಟು ಬಿಚ್ಚಲಿಲ್ಲ. ಬಕೆಟ್ ಹಿಡಿದು, ಕೀಲಿ ಗೊಂಚಲು ಝಣಗುಟ್ಟಿಸುತ್ತಾ ಯಂತ್ರದಿಂದ ಯಂತ್ರಕ್ಕೆ ಹೋದ. ನನಗೆ ಬೆನ್ನು ಮಾಡಿ ಬಗ್ಗಿ ಒಂದೊಂದೇ ಪೆಟ್ಟಿಗೆ ಎಳೆದು ಸುರಿದ. ಬಕೆಟ್ ತಂದು ಮೇಜಿನ ಮೇಲಿಟ್ಟ.

"ಇವತ್ತು ನಾನು ಎಣಿಸ್ತೀನಿ" ಎಂದೆ.

ಮೆಟ್ರೋ ಕೆಮ್ಮಿದ. ನಾನು ಬಕೆಟ್ಟಿಗೆ ಕೈ ಹಾಕಿದೆ. ಮೇಲಿನ ನಾಣ್ಯಗಳು ಬೆಚ್ಚಗಿದ್ದವು. ಡ್ರೈಯರುಗಳ ಸೆಕೆಯಲ್ಲಿ ದಿನವಿಡೀ ಕೂತ ನಾಣ್ಯಗಳು, ಬೆಚ್ಚಗಿರಲೇಬೇಕು. ಕೈ ಇನ್ನೂ ಒಳಗೆ ಹೋಯಿತು. ಥಟ್ಟನೆ ಹಿಂದಕ್ಕೆಳೆದುಕೊಂಡೆ. ಚುರ್ ಎಂದು ಸುಟ್ಟ ಹಾಗಾಗಿತ್ತು. ಮತ್ತೆ ಹಾಕಿ ಒಂದು ಹಿಡಿ ತೆಗೆದೆ. ಡಾಲರಿನ ನಾಣ್ಯಗಳು, ಕಲ್ಲಿನಷ್ಟು ತಣ್ಣಗೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಗಡಿಯ ಒದ್ದೆ ಗಾಳಿ ತಾಗಿದ್ದೇ ತಡ ನನ್ನ ಅಂಗೈಯಲ್ಲೇ ಅವುಗಳ ಮೇಲೆ ಬೆಳ್ಳಗೆ ಹಿಮ ಕೂತಿತು.

ಈ ನಾಣ್ಯಗಳು ಯಂತ್ರದೊಳಗೆ ಇದ್ದವೇ ಅಲ್ಲ. ಹೊರಗೆ, ಹಿಮದಲ್ಲಿ ನಿಂತ ಗಾಡಿಯೊಳಗೆ ದಿನವಿಡೀ ಇದ್ದು, ಮೆಟ್ರೋನ ಕೋಟಿನ ಜೇಬಿನಲ್ಲಿ ಒಳಗೆ ಬಂದಿದ್ದವು.

ತಲೆಯೆತ್ತಿದೆ. ಮೆಟ್ರೋ ನನ್ನನ್ನೇ ನೋಡುತ್ತಿದ್ದ. ಹಿಂದಿನ ದಿನ ಐಸ್ ಮೇಲೆ ನನ್ನನ್ನು ಗದರಿಸಿದ ಮನುಷ್ಯನೇ ಇವನು ಎಂದರೆ ಯಾರೂ ನಂಬುತ್ತಿರಲಿಲ್ಲ. ಹೆಂಡತಿಯ ಬೆನ್ನ ಹಿಂದೆ ನಿಂತು, ಬಾಯಿ ತೆರೆಯದೆ, ಬೇಡ ಬೇಡ ಎಂದು ತಲೆಯಾಡಿಸಿದ. ಕಣ್ಣು ತುಂಬಿತ್ತು. ಲೆಕ್ಕ ತೆಗೆಯಲು ಆಡಿಟರ್ ಕೂತ ದಿನವಾದರೂ ಅವನು ಸುಮ್ಮನಿರಬಹುದಿತ್ತು. ಇರಲಾರದೆ ಹೋದ. ಆ ಬರಿದಾದ ಬಕೆಟ್ಟನ್ನು ಅವಳ ಮುಂದೆ ಇಡುವ ಧೈರ್ಯ ಅವನಿಗೆ ಒಂದು ದಿನಕ್ಕೂ ಇರಲಿಲ್ಲ.

"ಮೆಟ್ರೋ, ಐಸಿಗೆ ಸಂಜೆ ನೀರು ಹಾಕಲ್ವಾ? ಆ ತೂತುಗಳು ಕುಸಿದಿರ್ತವೆ ನೋಡು" ಎಂದಳು ಸ್ಟೆಫ್ಕಾ.

ಅವನು ನನ್ನ ಮುಖ ನೋಡುತ್ತಲೇ ಹಿಂಬಾಗಿಲಿನಿಂದ ಹೊರಗೆ ಹೋದ. ಬಾಗಿಲು ಮುಚ್ಚಿದ ಮೇಲೆ ಅವಳು ನನ್ನ ಎದುರು ಕೂತಳು.

"ಮಿಸೆಸ್ ಬಾರನ್, ನಿಮ್ಮ ಮೇಲೆ ತೆರಿಗೆಯೂ ಇಲ್ಲ, ದಂಡವೂ ಇಲ್ಲ. ಐಸಿನ ನೀರನ್ನ ಅಂಗಡಿ ಖರ್ಚಿಗೆ ಹಾಕಿದ್ದೀರಿ, ಅದು ತಪ್ಪು, ಅದನ್ನ ಹಿಡ್ಕೊಳ್ತೀನಿ. ಅದು ಕಳೆದ್ರೂ ಸರ್ಕಾರವೇ ನಿಮಗೆ ವಾಪಸ್ ಕೊಡಬೇಕಾಗುತ್ತೆ." ಅಂಗಡಿ ಅವಳದು, ಲೆಕ್ಕ ಅವಳದು. ಅವಳಿಗೆ ಹೇಳದೆ ಇರಲು ನನಗೆ ದಾರಿಯಿರಲಿಲ್ಲ. "ಯಾಕಂದ್ರೆ ನೀವು ತೋರಿಸಿದಷ್ಟು ಈ ಅಂಗಡಿ ದುಡೀತಿಲ್ಲ. ಬಕೆಟ್ಟಲ್ಲಿ..."

"ಗೊತ್ತು."

"ಏನು ಗೊತ್ತು?"

"ಹುಡುಗಿ, ಮೂರು ವರ್ಷದಿಂದ ಈ ದುಡ್ಡು ಎಣಿಸ್ತಿರೋಳು ನಾನು. ನೀನು ಒಂದು ಸಲ ಕೈ ಹಾಕಿ ಕಂಡ್ಕೊಂಡೆ. ನನ್ನ ಕೈಗೇನು ಲಕ್ವ ಹೊಡೆದಿದೆಯಾ?" ಅವಳು ಹಿಮ ಕೂತ ನಾಣ್ಯವೊಂದನ್ನು ಎತ್ತಿ ಸೆರಗಂಚಿನಂತೆ ಇಳಿಬಿದ್ದಿದ್ದ ಏಪ್ರನ್ನಿನ ತುದಿಯಿಂದ ಒರೆಸಿದಳು. "ಅವನ ರೈಲ್ವೆ ಪಿಂಚಣಿ ಇದು. ಬ್ಯಾಂಕಲ್ಲಿ ಬೆಳೀತಿದೆ ಅಂತ ನನಗೆ ಹೇಳ್ತಾನೆ. ಬೆಳೀತಿರೋದು ಇಲ್ಲಿ."

"ಗೊತ್ತಿದ್ದೂ ಆದಾಯ ಅಂತ ತೋರಿಸಿದ್ರಾ? ಆ ಪಿಂಚಣಿಗೆ ಅವರು ಒಂದು ಸಲ ತೆರಿಗೆ ಕಟ್ಟಿದ್ದಾರೆ. ಅದಕ್ಕೇ ನೀವು ಇನ್ನೊಂದು ಸಲ ಕಟ್ಟಿದ್ದೀರಿ!"

"ಕಟ್ಟಿದೆ. ಬೇರೆ ಏನು ಮಾಡಲಿ? ಅವನು ಬಕೆಟ್ ತಂದಿಟ್ಟು ನನ್ನ ಪಕ್ಕ ನಿಂತ್ಕೊಂಡು ಎಷ್ಟಾಯ್ತು ಅಂತ ಕೇಳ್ತಾನೆ. ಇಷ್ಟಾಯ್ತು ಅಂದ್ರೆ ಮುಖ ಅರಳುತ್ತೆ. ಅಂಗಡಿ ನಡೀತಿಲ್ಲ ಅಂತ ನಾನು ಬಾಯಿಬಿಟ್ಟ ದಿನ ಇದನ್ನ ಮುಚ್ಚಬೇಕು. ಅಂಗಡಿ ಮುಚ್ಚಿದ್ರೆ ಬಿಸಿನೀರಿನ ನಲ್ಲಿ ಮುಚ್ಚುತ್ತೆ. ಆಮೇಲೆ ಅವನು ಬೆಳಗ್ಗೆ ಯಾತಕ್ಕೆ ಏಳ್ತಾನೆ, ಹೇಳು? ನನ್ನ ಅಂಗಡಿ ಉಳಿಸ್ತಿದ್ದೀನಿ ಅಂತ ಅವನು, ಅವನ ಐಸ್ ಉಳಿಸ್ತಿದ್ದೀನಿ ಅಂತ ನಾನು. ಮಧ್ಯದಲ್ಲಿ ನಿಮ್ಮ ಇಲಾಖೆಗೆ ಲಾಭ."

ನನ್ನ ಕಣ್ಣಲ್ಲಿ ನೀರು ಬಂತು. ನಗುವೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯರು ಹೇಗೆ ಕಾಣುತ್ತಾರೋ ಹಾಗೆ ಕಂಡಿರಬೇಕು ನಾನು.

"ಗಂಡ ಕೊಟ್ಟ ದುಡ್ಡಿಗೆ ತೆರಿಗೆ ಇಲ್ಲ ಮಿಸೆಸ್ ಬಾರನ್. ಆದ್ರೆ ಯಾಕೆ ವಾಪಸ್ ಕೊಡ್ತಿದ್ದೀವಿ ಅಂತ ನಾನು ಕಾರಣ ಬರೀಲೇಬೇಕು. ಕಾಗದ ಇಲ್ಲಿಗೇ ಬರುತ್ತೆ."

"ಟಪಾಲು ತರೋನು ಅವನೇ" ಎಂದಳು. ಹಿಂಬಾಗಿಲ ಆಚೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಅದು ನಿಲ್ಲುವವರೆಗೂ ಅವಳು ಒಂದೊಂದೇ ನಾಣ್ಯ ಒರೆಸಿ ಜೋಡಿಸಿದಳು. "ಸರ್ಕಾರದ ಕಾಗದದಲ್ಲಿ ಓದೋದು ಬೇಡ" ಎಂದು ಎದ್ದು, ಏಪ್ರನ್ ಸರಿಮಾಡಿಕೊಂಡು, ಸೊಂಟಕ್ಕೆ ಕೈಕೊಟ್ಟು ನಿಂತಳು.

ಬಾಗಿಲು ತೆರೆಯಿತು. ಹುಬ್ಬು ಮೀಸೆಯೆಲ್ಲ ಬೆಳ್ಳಗಾದ ಮೆಟ್ರೋ ಪೈಪಿನ ಸುರುಳಿ ಹೊತ್ತು ಹೊಸಿಲ ಮೇಲೆ ನಿಂತು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಏ ಮುದುಕ, ನಾಳೆಯಿಂದ ನಿನ್ನ ದುಡ್ಡನ್ನ ಗಾಡಿಯಲ್ಲಿಡಬೇಡ. ಮನೆಯಲ್ಲಿ ಒಲೆ ಪಕ್ಕ ಇಟ್ಟು ಬೆಚ್ಚಗೆ ಮಾಡ್ಕೊಂಡು ತಾ. ಮೂರು ವರ್ಷದಿಂದ ಎಣಿಸಿ ಎಣಿಸಿ ನನ್ನ ಬೆರಳೆಲ್ಲಾ ಮರಗಟ್ಟಿ ಹೋಗಿವೆ."

ಮೆಟ್ರೋ ಅಲ್ಲೇ ನಿಂತ. ಹೊರಗಿನ ಚಳಿಯೆಲ್ಲ ಅಂಗಡಿಯೊಳಗೆ ನುಗ್ಗುತ್ತಿತ್ತು. ಬಾಗಿಲು ಹಾಕು ಎಂದು ಯಾರೂ ಹೇಳಲಿಲ್ಲ.